ಪಾನಶಾಲೆಯಲ್ಲಿ ಬೆಳೆದ ಪಕ್ಷ

1918ರ ಸೆಪ್ಟೆಂಬರ್ 23ರಂದು ಮೈಸೂರು ಮತ್ತು ಜೋಧಪುರ ಸಂಸ್ಥಾನಗಳ ಅಶ್ವದಳಗಳು ಪ್ಯಾಲೆಸ್ಟೈನಿನ ಹೈಫಾ ಪಟ್ಟಣವನ್ನು ತುರ್ಕರಿಂದ ಗೆದ್ದುಕೊಂಡ ಕಥೆಯನ್ನು ನಮ್ಮಲ್ಲಿ ಅನೇಕರು ಬಲ್ಲರು. ಆರು ದಿನಗಳ ತರುವಾಯ, ತುರ್ಕರ ಮಿತ್ರನಾಗಿದ್ದ ಜರ್ಮನಿಯ ಸೇನಾ ಶಿಬಿರದಲ್ಲಿ ನಡೆದುದನ್ನು ಬಲ್ಲವರು ಅಷ್ಟಿಲ್ಲ. ಇನ್ನು ಗೆಲವು ಅಸಾಧ್ಯ, ಕೂಡಲೇ ಕದನವಿರಾಮ ಬೇಡಬೇಕೆಂದು ಸೇನಾನಾಯಕ ಲ್ಯೂಡೆಂಡಾರ್ಫನೇ ತನ್ನ ಚಕ್ರವರ್ತಿಯ ಮುಂದೆ ಒಪ್ಪಿಕೊಂಡನು. ಆದರೆ ನವೆಂಬರ್ 11ರಂದು ಸೋಲಿನ ಪತ್ರಕ್ಕೆ ಸಹಿ ಹಾಕಲು ಹೋದ ನಿಯೋಗದ ಮುಖ್ಯಸ್ಥ ಸೇನಾನಿಯಲ್ಲ, ಎರ್ಜ್‌ಬರ್ಗರ್ ಎಂಬ ರಾಜಕಾರಣಿ. ಅಷ್ಟರಲ್ಲಿ ಚಕ್ರವರ್ತಿ ಸಿಂಹಾಸನ ತೊರೆದು ದೇಶ ಬಿಟ್ಟಿದ್ದನು. ಸೋಲಿನ ಕೂಸು ಹೊಸ ಗಣರಾಜ್ಯದ ಮಡಿಲಿಗೆ ಬಿದ್ದಿತು.

ಒಂದು ವರ್ಷದ ಮೇಲೆ, 1919ರ ನವೆಂಬರ್ 18ರಂದು, ವೃದ್ಧ ಸೇನಾಪತಿ ಹಿಂಡೆನ್‌ಬರ್ಗ್ ವಿಚಾರಣಾ ಸಮಿತಿಯ ಎದುರು ಬೇರೆಯೇ ಕಥೆ ಹೇಳಿದನು: ಸೈನ್ಯಕ್ಕೆ ಹಿಂದಿನಿಂದ ಇರಿಯಲಾಯಿತಂತೆ. ಆ ಯುದ್ಧದಲ್ಲಿ ಜರ್ಮನಿ ಕಳೆದುಕೊಂಡ ಸೈನಿಕರು ಸುಮಾರು 20 ಲಕ್ಷ. ಮಗನನ್ನು ಒಪ್ಪಿಸಿ ಕುಳಿತ ಮನೆಗೆ ‘ನಾವು ಸೋತೆವು’ ಎಂಬ ಮಾತಿಗಿಂತ ‘ನಮಗೆ ದ್ರೋಹವಾಯಿತು’ ಎಂಬ ಮಾತು ಎಷ್ಟು ಹಿತ! ಎರ್ಜ್‌ಬರ್ಗರನನ್ನು 1921ರಲ್ಲಿ ಗುಂಡಿಟ್ಟು ಕೊಂದರು.

ಈ ಕಥೆಯನ್ನೇ ಬಂಡವಾಳ ಮಾಡಿಕೊಂಡ ಗುಂಪುಗಳು ಬವೇರಿಯಾದ ರಾಜಧಾನಿ ಮ್ಯೂನಿಕ್ಕಿನಲ್ಲಿ ಹತ್ತಾರು. ಅವುಗಳಲ್ಲೊಂದನ್ನು 1919ರ ಜನವರಿಯಲ್ಲಿ ಸ್ಥಾಪಿಸಿದವನು ಆಂಟನ್ ಡ್ರೆಕ್ಸ್‌ಲರ್ ಎಂಬ ಬೀಗ ಮಾಡುವ ಕಸಬಿನವನು. ಸೆಪ್ಟೆಂಬರ್ 12ರ ಸಂಜೆ ಆ ಪಕ್ಷದ ಸಭೆಯ ಮೇಲೆ ಕಣ್ಣಿಡಲು ಸೇನೆಯೇ ಒಬ್ಬ ಸಿಪಾಯಿಯನ್ನು ಕಳುಹಿಸಿತು. ಮೂವತ್ತು ವರ್ಷದ ಆ ಆಸ್ಟ್ರಿಯಾದವನ ಹೆಸರು ಅಡಾಲ್ಫ್ ಹಿಟ್ಲರ್. ವರದಿ ಮಾಡಲು ಹೋದವನು ಸದಸ್ಯನಾದನು. ಸಂಖ್ಯೆ 555! ಪಕ್ಷ ದೊಡ್ಡದೆಂದು ತೋರಲಿ ಎಂದು ಎಣಿಕೆಯನ್ನು 501ರಿಂದ ಆರಂಭಿಸಿದ್ದರು.

ಊರ ದೊಡ್ಡ ಪಾನಶಾಲೆಗಳೇ ಅಲ್ಲಿನ ಸಭಾಭವನಗಳು. 1920ರ ಫೆಬ್ರವರಿ 24ರಂದು ಹಾಫ್‌ಬ್ರಾಯ್‌ಹೌಸ್ ಎಂಬಲ್ಲಿ ಸುಮಾರು 2,000 ಜನರೆದುರು ಹಿಟ್ಲರ್ 25 ಅಂಶಗಳ ಕಾರ್ಯಕ್ರಮವನ್ನು ಓದಿದನು. ಯೆಹೂದ್ಯರಿಗೆ ಪೌರತ್ವವಿಲ್ಲವೆಂಬುದು ಅದರಲ್ಲೊಂದು. ಮುಗಿದ ಯುದ್ಧದಲ್ಲಿ ಜರ್ಮನಿಗಾಗಿಯೇ ಸುಮಾರು 12,000 ಯೆಹೂದ್ಯ ಸೈನಿಕರು ಮಡಿದಿದ್ದರೆಂಬುದು ಸಭೆಗೆ ಬೇಕಿರಲಿಲ್ಲ. ಮರುವರ್ಷ ಜುಲೈನಲ್ಲಿ ಅವನು ಪಕ್ಷದ ಸರ್ವಾಧಿಕಾರಿಯಾದನು.

ಆದರೂ ಪಾನಶಾಲೆಯ ಗದ್ದಲ ಸಂಸಾರಸ್ಥರ ಮನೆಯೊಳಕ್ಕೆ ಬಂದುದು ಹಣದ ದೆಸೆಯಿಂದ. ತಿಪಟೂರಿನ ಮಾರುಕಟ್ಟೆಯಲ್ಲಿ ಕೊಬ್ಬರಿಯ ದರ ಕುಸಿದರೆ ಎಷ್ಟು ಮನೆಗಳ ಮದುವೆ ಮುಂದಕ್ಕೆ ಹೋಗುತ್ತದೆಂಬುದನ್ನು ನಮ್ಮ ಸೀಮೆಯವರಿಗೆ ಹೇಳಬೇಕಾಗಿಲ್ಲ. ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ರೈತ ಕಾಯಿಯನ್ನು ಅಟ್ಟಕ್ಕೇರಿಸಿ ಹೆಚ್ಚುಕಡಿಮೆ ಒಂದು ವರ್ಷ ಕಾಯುತ್ತಾನೆ. ದರ ಏನೇ ಆಗಲಿ, ಕೊನೆಗೆ ಅಟ್ಟದಲ್ಲಿ ಉಂಡೆ ಕೊಬ್ಬರಿಯಾದರೂ ಇರುತ್ತದೆ. 1923ರಲ್ಲಿ ಜರ್ಮನಿಯ ಗುಮಾಸ್ತ, ಉಪಾಧ್ಯಾಯ, ಪಿಂಚಣಿದಾರರ ಪೆಟ್ಟಿಗೆಯಲ್ಲಿದ್ದುದು ಬರಿಯ ನೋಟು. ಯುದ್ಧಪರಿಹಾರದ ಕಂತು ತಪ್ಪಿತೆಂದು ಜನವರಿಯಲ್ಲಿ ಫ್ರೆಂಚರು ರೂರ್ ಪ್ರಾಂತದ ಕಲ್ಲಿದ್ದಲ ಗಣಿಗಳನ್ನು ಆಕ್ರಮಿಸಿದರು. ಮುಷ್ಕರ ಹೂಡಿದ ಕಾರ್ಮಿಕರನ್ನು ಸಾಕಲು ಸರ್ಕಾರ ಹಗಲಿರುಳೂ ನೋಟು ಅಚ್ಚುಹಾಕಿತು. 1914ರಲ್ಲಿ ಒಂದು ಡಾಲರಿಗೆ 4.2 ಮಾರ್ಕುಗಳಿದ್ದವು, 1923ರ ನವೆಂಬರ್ ಹೊತ್ತಿಗೆ 4.2 ಲಕ್ಷ ಕೋಟಿ. ಜೀವಮಾನದ ಉಳಿತಾಯ ಒಂದು ರೊಟ್ಟಿಗೂ ಸಾಲದಾಯಿತು. ಆ ಹೊತ್ತಿಗೆ ಪಕ್ಷದ ಸದಸ್ಯರು ಸುಮಾರು 55,000.

ನವೆಂಬರ್ 8ರ ರಾತ್ರಿ ಬ್ಯುರ್ಗರ್‌ಬ್ರಾಯ್ ಪಾನಶಾಲೆಗೆ ಹಿಟ್ಲರ್ ಶಸ್ತ್ರಧಾರಿಗಳೊಡನೆ ನುಗ್ಗಿ, ಸೂರಿಗೆ ಗುಂಡು ಹಾರಿಸಿ, ಕ್ರಾಂತಿಯಾಯಿತೆಂದು ಸಾರಿದನು. ಮರುದಿನದ ಮೆರವಣಿಗೆಯಲ್ಲಿ ಲ್ಯೂಡೆಂಡಾರ್ಫನೂ ಇದ್ದನು. ಪೊಲೀಸರು ಎದುರಾದರು, ಗುಂಡು ಹಾರಿತು, ನಾಲ್ವರು ಪೊಲೀಸರು ಸತ್ತರು, ದಂಗೆಕೋರರಲ್ಲಿಯೂ ಹಲವರು ಬಿದ್ದರು. ಎಲ್ಲವೂ ಅಲ್ಲಿಗೆ ಮುಗಿಯಬೇಕಾಗಿತ್ತು. ಪಕ್ಷವನ್ನು ನಿಷೇಧಿಸಲಾಯಿತು; ಹೊಸ ನಾಣ್ಯ ಬಂದು ಬೆಲೆಗಳೂ ನಿಂತವು.

ಮುಗಿಯಲಿಲ್ಲ. ಅದನ್ನು ಉಳಿಸಿದವರು ಪಾನಶಾಲೆಯ ಪುಂಡರಲ್ಲ, ಕರಿ ನಿಲುವಂಗಿ ತೊಟ್ಟ ಸಭ್ಯರು. ನ್ಯಾಯಾಧೀಶ ಗೇಯಾರ್ಗ್ ನೈಟ್‌ಹಾರ್ಟನ ಹೆಸರನ್ನು ಇಲ್ಲಿ ನೆನೆಯಬೇಕು. ಬವೇರಿಯಾದ ಸಮಾಜವಾದಿ ಪ್ರಧಾನಿ ಕುರ್ಟ್ ಐಸ್ನರನನ್ನು 1919ರಲ್ಲಿ ನಡುಬೀದಿಯಲ್ಲಿ ಕೊಂದ ಯುವಕ ಶ್ರೀಮಂತನಿಗೆ ಮರಣದಂಡನೆ ವಿಧಿಸುತ್ತಲೇ ಅವನ ದೇಶಪ್ರೇಮವನ್ನು ಕೊಂಡಾಡಿದವನು ಈತ. ಶಿಕ್ಷೆ ಕೂಡಲೇ ಕಾರಾಗೃಹವಾಸಕ್ಕಿಳಿಯಿತು. ಅದೇ ಊರಿನಲ್ಲಿ ಕಮ್ಯುನಿಸ್ಟ್ ನಾಯಕ ಲೆವಿನೆಯನ್ನು ಬಂದೂಕಿನ ಸಾಲಿನ ಮುಂದೆ ನಿಲ್ಲಿಸಿದಾಗ ಇಂಥ ದಯೆ ಯಾರಿಗೂ ಬರಲಿಲ್ಲ.

1924ರ ಫೆಬ್ರವರಿಯಲ್ಲಿ ರಾಜದ್ರೋಹದ ಮೊಕದ್ದಮೆ ಇದೇ ನೈಟ್‌ಹಾರ್ಟನ ಮುಂದೆ ಬಂದಿತು. ಆರೋಪಿಗೆ ಗಂಟೆಗಟ್ಟಲೆ ಭಾಷಣ ಮಾಡುವ ಅವಕಾಶ ದೊರೆಯಿತು. ದೇಶದ ಪತ್ರಿಕೆಗಳೆಲ್ಲ ಅಚ್ಚುಮಾಡಿದವು. ಮ್ಯೂನಿಕ್ಕಿನ ಪುಢಾರಿಯ ಹೆಸರು ಊರೂರಿಗೆ ಮುಟ್ಟಿದುದು ಕಟಕಟೆಯಿಂದ! ಏಪ್ರಿಲ್ 1ರ ತೀರ್ಪನ್ನು ಓದುಗರು ಗಮನಿಸಬೇಕು. ಲ್ಯೂಡೆಂಡಾರ್ಫ್ ನಿರ್ದೋಷಿ. ಹಿಟ್ಲರನಿಗೆ ಕಾನೂನಿನಲ್ಲಿದ್ದ ಕನಿಷ್ಠ ಶಿಕ್ಷೆ, ಐದು ವರ್ಷ. ಅದರಲ್ಲಿಯೂ ಬೇಗನೆ ಬಿಡುಗಡೆಯ ಆಶ್ವಾಸನೆ. ಹಿಂದೊಮ್ಮೆ ಎದುರಾಳಿಗಳ ಸಭೆ ಕೆಡಿಸಿ ಶಿಕ್ಷೆ ಹೊಂದಿ, ಸನ್ನಡತೆಯ ಷರತ್ತಿನ ಮೇಲೆ ಹೊರಗಿದ್ದವನಿಗೆ ಈ ರಿಯಾಯಿತಿ ಸಲ್ಲತಕ್ಕದ್ದೇ ಅಲ್ಲ. ಇನ್ನೂ ಒಂದು ಮಾತು: ಹಿಟ್ಲರ್ ಪರದೇಶೀಯ, ಅಂಥವನನ್ನು ಗಡೀಪಾರು ಮಾಡಬೇಕೆಂದು ಗಣರಾಜ್ಯದ ರಕ್ಷಣಾ ಕಾಯಿದೆ ವಿಧಿಸಿತ್ತು. ಜರ್ಮನನಂತೆಯೇ ಯೋಚಿಸಿ ಮಿಡಿಯುವವನಿಗೆ ಆ ವಿಧಿ ಅನ್ವಯಿಸದೆಂದು ನ್ಯಾಯಾಲಯ ಹೇಳಿತು. ಕಾಯಿದೆಯ ಒಂದು ಸಾಲನ್ನು ಇದ್ದಂತೆ ಓದಿದ್ದರೆ ಆ ಮನುಷ್ಯ ಆಸ್ಟ್ರಿಯಾದ ರೈಲು ಹತ್ತಬೇಕಾಗಿತ್ತು.

ಲಾಂಡ್ಸ್‌ಬರ್ಗಿನ ಸೆರೆಮನೆಯಲ್ಲಿ ಅವನಿಗೆ ಭೇಟಿಗಾರರಿಗೂ ಕೊರತೆಯಿರಲಿಲ್ಲ, ಗ್ರಂಥ ಬರೆಯುವ ಬಿಡುವಿಗೂ ಕೊರತೆಯಿರಲಿಲ್ಲ. ತೀರ್ಪಾಗಿ ಒಂಬತ್ತು ತಿಂಗಳು ತುಂಬುವ ಮೊದಲೇ, ಡಿಸೆಂಬರ್ 20ರಂದು, ಹೊರಬಂದನು. 1925ರ ಫೆಬ್ರವರಿ 27ರಂದು ಅದೇ ಬ್ಯುರ್ಗರ್‌ಬ್ರಾಯ್ ಪಾನಶಾಲೆಯಲ್ಲಿ ಪಕ್ಷವನ್ನು ಮತ್ತೆ ಕಟ್ಟಿದನು. 1928ರ ಚುನಾವಣೆಯಲ್ಲಿ ದೊರೆತುದು ಕೇವಲ 12 ಸ್ಥಾನ, ಬಲ್ಲವರು ನಕ್ಕರು. 1930ರಲ್ಲಿ, ನಿರುದ್ಯೋಗ ಏರುತ್ತಿದ್ದಾಗ, 107.

ನೈಟ್‌ಹಾರ್ಟನೂ ನಷ್ಟಪಡಲಿಲ್ಲ. ಹಿಟ್ಲರ್ ಅಧಿಕಾರಕ್ಕೆ ಬಂದ 1933ರಲ್ಲಿಯೇ ಅವನು ಮ್ಯೂನಿಕ್ಕಿನ ಉಚ್ಚ ನ್ಯಾಯಾಲಯದ ಅಧ್ಯಕ್ಷನಾದನು.