ಕಲಿಸುವವರ ಕಲಿಕೆ ಎಲ್ಲಿ ನಿಲ್ಲುತ್ತದೆ

ಕರ್ನಾಟಕದ ಸರ್ಕಾರಿ ನೌಕರರ ವೇತನ ನಿಯಮಗಳಲ್ಲಿ ‘ಸ್ಥಗಿತ ವೇತನ ಬಡ್ತಿ’ ಎಂಬ ಪದವೊಂದಿದೆ. ವೇತನ ಶ್ರೇಣಿಯ ಗರಿಷ್ಠ ಹಂತವನ್ನು ಮುಟ್ಟಿ, ಮೇಲಿನ ಹುದ್ದೆಯೂ ಸಿಗದೆ ನಿಂತುಹೋದವರಿಗೆ ಸಲ್ಲುವ ಹೆಚ್ಚಳಕ್ಕೆ ಈ ಹೆಸರು. ಡಿ.ಎಡ್. ಅಥವಾ ಹಿಂದಿನ ಟಿ.ಸಿ.ಎಚ್. ಮುಗಿಸಿ ಇಪ್ಪತ್ತೆರಡು–ಇಪ್ಪತ್ತಮೂರರ ಹರೆಯದಲ್ಲಿ ಪ್ರಾಥಮಿಕ ಶಾಲೆಗೆ ಸಹಶಿಕ್ಷಕರಾಗಿ ಸೇರಿದವರಲ್ಲಿ ಎಷ್ಟೋ ಮಂದಿ ಅದೇ ಹುದ್ದೆಯಲ್ಲಿ ನಿವೃತ್ತರಾಗುವುದರಿಂದ, 10 ವರ್ಷ, 15 ವರ್ಷ ಸೇವೆ ತುಂಬಿದಾಗ ಬರುವ ವೇತನ ಬಡ್ತಿಗಳೇ ಅವರ ಸೇವಾಪುಸ್ತಕದಲ್ಲಿ ಏರಿಕೆಯ ಗುರುತುಗಳಾಗಿ ಉಳಿಯುತ್ತವೆ.

ಆದರೆ ವೃತ್ತಿ ನಿಲ್ಲುವುದು ಹುದ್ದೆಯಲ್ಲಿ ಮಾತ್ರವಲ್ಲ. ಅದೇ ಪಾಠ, ಅದೇ ಪ್ರಶ್ನೆ, ಅದೇ ಟಿಪ್ಪಣಿ ವರ್ಷದಿಂದ ವರ್ಷಕ್ಕೆ ಮರಳುತ್ತ, ತರಗತಿಯಲ್ಲಿ ನಡೆಯುವ ಯಾವುದೂ ಶಿಕ್ಷಕರಿಗೆ ಹೊಸದಾಗಿ ಏನನ್ನೂ ತಿಳಿಸದ ಸ್ಥಿತಿಯೊಂದಿದೆ. ಅದಕ್ಕೆ ಯಾವ ನಿಯಮಾವಳಿಯಲ್ಲೂ ಹೆಸರಿಲ್ಲ, ಸಂಬಳ ಹೆಚ್ಚಿದರೂ ಅದು ನೀಗುವುದಿಲ್ಲ. ನಿರಂತರ ವೃತ್ತಿಪರ ಅಭಿವೃದ್ಧಿ, ಅಂದರೆ ಕೆಲಸಕ್ಕೆ ಸೇರಿದ ನಂತರವೂ ಆ ಕೆಲಸದ ಅರಿವನ್ನು ಬೆಳೆಸಿಕೊಳ್ಳುತ್ತ ಹೋಗುವ ವ್ಯವಸ್ಥೆ, ಉತ್ತರಿಸಬೇಕಾದುದು ಈ ಎರಡನೆಯ ನಿಲುಗಡೆಗೆ.

ಈ ಅಗತ್ಯವನ್ನು ದೇಶ ಕಂಡುಕೊಂಡದ್ದು ಇತ್ತೀಚೆಗೇನೂ ಅಲ್ಲ. 1964–66ರ ಕೊಠಾರಿ ಆಯೋಗವು ಪ್ರತಿ ಐದು ವರ್ಷಗಳ ಸೇವೆಯಲ್ಲಿ ಎರಡು–ಮೂರು ತಿಂಗಳ ಸೇವಾನಿರತ ಶಿಕ್ಷಣ ಇರಬೇಕೆಂದು ಹೇಳಿತ್ತು. 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಬೆನ್ನಿಗೆ ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಗಳು, ಶಿಕ್ಷಕರ ಮಾತಿನಲ್ಲಿ ‘ಡಯಟ್’ಗಳು, ಬಂದವು, 1990ರ ದಶಕದಲ್ಲಿ ಬಿ.ಆರ್.ಸಿ. ಮತ್ತು ಸಿ.ಆರ್.ಸಿ.ಗಳು, ಅಂದರೆ ಕ್ಷೇತ್ರ ಮತ್ತು ಸಮೂಹ ಸಂಪನ್ಮೂಲ ಕೇಂದ್ರಗಳು, ಸೇರಿಕೊಂಡವು. 2019ರಲ್ಲಿ ಆರಂಭವಾದ ‘ನಿಷ್ಠಾ’ ತರಬೇತಿ ಕಾರ್ಯಕ್ರಮದ ಗುರಿ ಸುಮಾರು 42 ಲಕ್ಷ ಶಿಕ್ಷಕರನ್ನು ತಲುಪುವುದಾಗಿತ್ತು.

ಇಂಥ ದೊಡ್ಡ ಗುರಿಯನ್ನು ಮುಟ್ಟಲು ಸಾಮಾನ್ಯವಾಗಿ ಬಳಸುವುದು ಕ್ಯಾಸ್ಕೇಡ್ ಮಾದರಿಯನ್ನು: ರಾಜ್ಯಮಟ್ಟದಲ್ಲಿ ತರಬೇತಿ ಪಡೆದವರು ಜಿಲ್ಲೆಗೆ, ಜಿಲ್ಲೆಯವರು ತಾಲ್ಲೂಕಿಗೆ, ತಾಲ್ಲೂಕಿನವರು ಶಾಲೆಗೆ ವಿಷಯವನ್ನು ದಾಟಿಸುವ ಕ್ರಮ. ಸೂಚನೆಯೊಂದನ್ನು ತಲುಪಿಸಲು ಇದು ಸಾಕು, ಆದರೆ ಪ್ರತಿ ಹಂತದಲ್ಲೂ ಪ್ರಶ್ನೆಗಳು ಉದುರಿ, ಉತ್ತರಗಳಷ್ಟೇ ಕೆಳಗಿಳಿಯುತ್ತವೆ. ಓ.ಓ.ಡಿ., ಅಂದರೆ ಅನ್ಯ ಕರ್ತವ್ಯದ ಅನುಮತಿ, ಪಡೆದು ತರಬೇತಿಗೆ ಬಂದ ಶಿಕ್ಷಕಿ ಹಾಜರಿ ಹಾಕಿ, ತನ್ನ ತರಗತಿಯ ಮಕ್ಕಳ ಮಾತೇ ಬಾರದ ಐದು ದಿನಗಳನ್ನು ಕಳೆದು ಹಿಂದಿರುಗಿದರೆ ಅದು ಆಕೆಯ ನಿರಾಸಕ್ತಿಯಲ್ಲ, ಕ್ರಮದ ದೋಷ.

ಬೇರೆಯದೇ ದಾರಿಯೊಂದು ಕರ್ನಾಟಕದಲ್ಲಿಯೇ ತೆರೆದಿತ್ತು. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಯುನಿಸೆಫ್ ನೆರವಿನೊಂದಿಗೆ ಆರಂಭವಾದ ‘ನಲಿ-ಕಲಿ’ ಇಂದು ಮಕ್ಕಳ ಕಲಿಕಾ ಪದ್ಧತಿಯೆಂದೇ ಪರಿಚಿತವಾಗಿದ್ದರೂ, ಅದರ ಮೊದಲ ವರ್ಷಗಳು ಶಿಕ್ಷಕರ ಕಲಿಕೆಯ ಚರಿತ್ರೆಯೂ ಹೌದು. ಅಲ್ಲಿನ ಸರ್ಕಾರಿ ಶಾಲೆಗಳ ಶಿಕ್ಷಕರು ಆಂಧ್ರಪ್ರದೇಶದ ಮದನಪಲ್ಲಿಯ ಬಳಿಯ ರಿಷಿ ವ್ಯಾಲಿ ಶಿಕ್ಷಣ ಸಂಸ್ಥೆಗೆ ಹೋಗಿ, ಒಬ್ಬರೇ ಶಿಕ್ಷಕರು ಹಲವು ತರಗತಿಗಳ ಮಕ್ಕಳಿಗೆ ಒಂದೇ ಕೋಣೆಯಲ್ಲಿ ಕಲಿಸುವ ಬಗೆಯನ್ನು ನೋಡಿ ಬಂದರು. ನೋಡಿದ್ದನ್ನು ಹಾಗೆಯೇ ಇಳಿಸದೆ, ಪಠ್ಯವನ್ನು ಸಣ್ಣ ಸಣ್ಣ ಮೆಟ್ಟಿಲುಗಳಾಗಿ ಬಿಡಿಸಿ ಕಲಿಕಾ ಏಣಿಯಾಗಿ ಜೋಡಿಸಿದರು, ಕಾರ್ಡುಗಳನ್ನು ತಾವೇ ರೂಪಿಸಿದರು. ಮಗು ಯಾವ ಮೆಟ್ಟಿಲಲ್ಲಿ, ಏಕೆ ತಡೆಯುತ್ತದೆ ಎಂಬುದನ್ನು ತಿಳಿಯದೆ ಏಣಿ ಕಟ್ಟಲಾಗದು. ಆದ್ದರಿಂದ ಕಾರ್ಡು ಬರೆಯುವ ಕೆಲಸವೇ ಅವರ ತರಬೇತಿಯಾಯಿತು. ಮುಂದೆ 2009–10ರ ಹೊತ್ತಿಗೆ ಪದ್ಧತಿ ರಾಜ್ಯದ ಸರ್ಕಾರಿ ಕನ್ನಡ ಮಾಧ್ಯಮ ಶಾಲೆಗಳ ಕೆಳ ತರಗತಿಗಳಿಗೆಲ್ಲ ವಿಸ್ತರಿಸಿದಾಗ ಮಕ್ಕಳಿಗೆ ಒಳ್ಳೆಯದೊಂದು ದೊರೆಯಿತು, ಆದರೆ ಏಣಿ ಕಟ್ಟಿದವರ ಅನುಭವ ಸಿದ್ಧ ಏಣಿಯನ್ನು ಪಡೆದವರದಾಗಲಿಲ್ಲ. ತರಬೇತಿಯ ಯೋಜಕರು ಎಲ್ಲಕ್ಕಿಂತ ಹೆಚ್ಚಾಗಿ ಯೋಚಿಸಬೇಕಾದ ವ್ಯತ್ಯಾಸ ಇದು.

2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಪ್ರತಿ ಶಿಕ್ಷಕರಿಗೂ ವರ್ಷಕ್ಕೆ ಕನಿಷ್ಠ 50 ಗಂಟೆಗಳ ವೃತ್ತಿಪರ ಅಭಿವೃದ್ಧಿಯನ್ನು ನಿರೀಕ್ಷಿಸುತ್ತದೆ. ಅದು ಅವರ ಸ್ವಂತ ಆಸಕ್ತಿಯನ್ನು ಅನುಸರಿಸಿರಬೇಕೆಂದೂ ಹೇಳುತ್ತದೆ. 50 ಎಂಬುದನ್ನು ಎಣಿಸುವುದು ಸುಲಭವಾದ್ದರಿಂದ ಸುತ್ತೋಲೆಗಳಲ್ಲಿ ಅದು ಮುಂದೆ ಬರುತ್ತದೆ, ಆಸಕ್ತಿಯ ಮಾತು ಹಿಂದೆ ಸರಿಯುತ್ತದೆ. 2017ರಲ್ಲಿ ಆರಂಭವಾದ ‘ದೀಕ್ಷಾ’ ವೇದಿಕೆಯಲ್ಲಿ ಮೊಬೈಲಿನಿಂದಲೇ ಕೋರ್ಸು ಮುಗಿಸಿ ಪ್ರಮಾಣಪತ್ರ ಪಡೆಯುವ ಅನುಕೂಲವಿದೆ. ದೂರದ ಊರಿನ ಏಕೋಪಾಧ್ಯಾಯ ಶಾಲೆಗೆ ಅದು ದೊಡ್ಡ ಉಪಕಾರವೇ. ಆದರೂ ಪ್ರಮಾಣಪತ್ರದಲ್ಲಿ ತರಗತಿಯ ಗುರುತಿರುವುದಿಲ್ಲ.

ತರಗತಿಯ ಗುರುತು ಸಿಗುವ ಜಾಗವೊಂದು ಈಗಾಗಲೇ ಇದೆ: ಸಮೂಹ ಸಂಪನ್ಮೂಲ ಕೇಂದ್ರದ ಸಮಾಲೋಚನಾ ಸಭೆ. ಅಂಕಿಅಂಶಗಳ ಬೇಡಿಕೆ, ಬಿಸಿಯೂಟದ ಲೆಕ್ಕ, ಮುಂದಿನ ವಾರದೊಳಗೆ ಸಲ್ಲಿಸಬೇಕಾದ ನಮೂನೆಗಳು ಅದರ ಬಹುಪಾಲನ್ನು ನುಂಗದಂತೆ ತಡೆದರೆ, ದಶಕ ಸಹಿತ ವ್ಯವಕಲನದಲ್ಲಿ 52ರಿಂದ 27 ಕಳೆದು 35 ಎಂದು ಬರೆದ ಮಕ್ಕಳ ನೋಟ್‌ಬುಕ್‌ಗಳನ್ನು ಶಿಕ್ಷಕಿಯೊಬ್ಬರು ಅಲ್ಲಿಗೆ ತರಬಹುದು. ಮಕ್ಕಳು ಲೆಕ್ಕ ತಪ್ಪಿದ್ದಾರೆ ಎಂಬಲ್ಲಿಗೆ ಮಾತು ಮುಗಿಯದೆ, ಪ್ರತಿ ಸ್ಥಾನದಲ್ಲೂ ದೊಡ್ಡ ಅಂಕಿಯಿಂದ ಚಿಕ್ಕದನ್ನು ಕಳೆಯುವ ನಿಯಮವೊಂದನ್ನು ಅವರು ತಾವೇ ಕಟ್ಟಿಕೊಂಡಿದ್ದಾರೆ ಎಂಬುದನ್ನು ಪಕ್ಕದ ಶಾಲೆಯವರು ಗುರುತಿಸಬಹುದು. ಕಡ್ಡಿಗಳ ಕಟ್ಟು ಬಿಚ್ಚಿಸಿ ಕಲಿಸಿದವರು ತಮ್ಮ ಅನುಭವವನ್ನು ಸೇರಿಸಬಹುದು. ಮುಂದಿನ ತಿಂಗಳು ಅದೇ ನೋಟ್‌ಬುಕ್‌ಗಳು ಮತ್ತೆ ಅದೇ ಮೇಜಿನ ಮೇಲೆ ತೆರೆದುಕೊಳ್ಳುವುದಾದರೆ, ನಡುವಿನ ದಿನಗಳಲ್ಲಿ ತರಗತಿಯಲ್ಲಿ ಕಳೆದ ಹೊತ್ತನ್ನೂ ಆ 50 ಗಂಟೆಗಳೊಳಗೆ ಎಣಿಸುವುದು ನ್ಯಾಯ.