ಪರದೇಶದ ಕರೆಂಟು, ನಮ್ಮೂರ ಚಾರ್ಜರು

ವಿದೇಶದಲ್ಲಿ ಮೊಬೈಲ್, ಲ್ಯಾಪ್‌ಟಾಪ್‌ಗಳನ್ನು ಚಾರ್ಜ್ ಮಾಡುವ ಮುನ್ನ ನೋಡಿಕೊಳ್ಳಬೇಕಾದ ಸಂಗತಿಗಳು ಮೂರು: ಅಲ್ಲಿನ ವಿದ್ಯುತ್ತಿನ ವೋಲ್ಟೇಜ್, ಅದರ ಆವರ್ತನ ಮತ್ತು ಗೋಡೆಯ ಸಾಕೆಟ್ಟಿನ ಆಕಾರ. ಆಕಾರ ಕಣ್ಣಿಗೆ ಕಾಣುತ್ತದೆ. ಅಪಾಯ ಹೆಚ್ಚಾಗಿ ಇರುವುದು ಕಾಣದ ವೋಲ್ಟೇಜಿನಲ್ಲಿ.

ಭಾರತದ ಮನೆಗಳಿಗೆ ಬರುವುದು 230 ವೋಲ್ಟ್, 50 ಹರ್ಟ್ಜ್‌ನ ಪರ್ಯಾಯ ವಿದ್ಯುತ್ತು. ತಮಿಳುನಾಡಿನ ತೇನಿ ಜಿಲ್ಲೆಯ ಲೋವರ್ ಕ್ಯಾಂಪಿನಲ್ಲಿ ಮುಲ್ಲಪೆರಿಯಾರ್ ನೀರಿನಿಂದ ತಯಾರಾಗುವ ವಿದ್ಯುತ್ತೂ ಶರಾವತಿಯ ವಿದ್ಯುತ್ತೂ ಇದೇ ಆವರ್ತನದವು. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ ಮಾರ್ಗದ ಮೂಲಕ ದಕ್ಷಿಣದ ಜಾಲವು ದೇಶದ ಉಳಿದ ಜಾಲಕ್ಕೆ ಜೋಡಣೆಯಾದಾಗಿನಿಂದ ದಿಂಡಿಗಲ್ಲಿಗೂ ದೆಹಲಿಗೂ ಒಂದೇ ಆವರ್ತನ.

ದೇಶದ ಗಡಿ ದಾಟಿದರೆ ಲೆಕ್ಕ ಬದಲಾಗುತ್ತದೆ. ದಿಂಡಿಗಲ್ ಸೀಮೆಯಿಂದ, ಕನ್ನಡ ಮನೆಮಾತಿನ ಒಕ್ಕಲಿಗ ಕುಟುಂಬಗಳೂ ನೆಲೆಸಿರುವ ಕಂಬಂ ಕಣಿವೆಯಿಂದ, ದುಡಿಮೆಗೆಂದು ಸಿಂಗಪುರ, ಮಲೇಷ್ಯಾ, ದುಬೈಗಳಿಗೆ ಹೋದವರಿಗೆ ಸಿಗುವುದು ನಮ್ಮಷ್ಟೇ ವೋಲ್ಟೇಜ್. ಸಾಕೆಟ್ ಮಾತ್ರ ಬ್ರಿಟಿಷ್ ಮಾದರಿಯದು, ಮೂರು ಚಪ್ಪಟೆ ಪಿನ್ನುಗಳದು. ಸೌದಿ ಅರೇಬಿಯಾದಲ್ಲಿ ಆವರ್ತನ 60 ಹರ್ಟ್ಜ್. ಅಮೆರಿಕದಲ್ಲಿ 120 ವೋಲ್ಟ್, 60 ಹರ್ಟ್ಜ್. ಜಪಾನಿನಲ್ಲಿ 100 ವೋಲ್ಟ್. ಅಲ್ಲಿನ ಪೂರ್ವ ಭಾಗದಲ್ಲಿ 50, ಪಶ್ಚಿಮ ಭಾಗದಲ್ಲಿ 60 ಹರ್ಟ್ಜ್.

ಇಷ್ಟು ವ್ಯತ್ಯಾಸವಿದ್ದರೂ ಇಂದಿನ ಬಹುತೇಕ ಚಾರ್ಜರುಗಳು ಎಲ್ಲ ಕಡೆ ಕೆಲಸ ಮಾಡುತ್ತವೆ. ಚಾರ್ಜರಿನ ಮೈಮೇಲೆ ಸಣ್ಣಕ್ಷರದಲ್ಲಿ ‘ಇನ್‌ಪುಟ್: 100–240 ವೋಲ್ಟ್, 50/60 ಹರ್ಟ್ಜ್’ ಎಂಬ ಸಾಲಿರುತ್ತದೆ. ಒಳಗಿನ ಸರ್ಕಿಟ್ ಮೊದಲು ಪರ್ಯಾಯ ವಿದ್ಯುತ್ತನ್ನು ನೇರ ವಿದ್ಯುತ್ತಾಗಿಸುತ್ತದೆ. 230 ವೋಲ್ಟಿನ ಪೂರೈಕೆಯಿಂದ ಹೀಗೆ ಸುಮಾರು 325 ವೋಲ್ಟ್ ಸಿಗುತ್ತದೆ. ಅದನ್ನು ಸೆಕೆಂಡಿಗೆ ಹತ್ತಾರು ಸಾವಿರ ಸಲ ಕಡಿದು ಕಡಿದು ಪುಟ್ಟ ಟ್ರಾನ್ಸ್‌ಫಾರ್ಮರಿಗೆ ಕೊಟ್ಟು, ಫೋನಿಗೆ ಬೇಕಾದ 5 ಅಥವಾ 9 ವೋಲ್ಟಿಗೆ ಇಳಿಸಲಾಗುತ್ತದೆ. ಹೊರಬರುವ ವೋಲ್ಟೇಜ್ ಏರಿದರೆ ಕಡಿತದ ಲಯವನ್ನು ಸರ್ಕಿಟ್ ತಾನೇ ತಿದ್ದಿಕೊಳ್ಳುತ್ತದೆ. ಮೊದಲ ಹಂತದಲ್ಲೇ ನೇರ ವಿದ್ಯುತ್ತಾಗುವುದರಿಂದ 50–60 ಹರ್ಟ್ಜ್‌ಗಳ ಭೇದ ಅದನ್ನು ಕಾಡದು.

ಕಾಯಿಸುವ ಉಪಕರಣಗಳಿಗೆ ಈ ಅನುಕೂಲವಿಲ್ಲ. ಅವು ಎಳೆದುಕೊಳ್ಳುವ ಶಕ್ತಿ ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿ ಬದಲಾಗುತ್ತದೆ. ನಮ್ಮ 1000 ವಾಟಿನ ಕೆಟಲ್ ಅಮೆರಿಕದಲ್ಲಿ ಸುಮಾರು 270 ವಾಟಿಗೆ ಕುಸಿದು, ನೀರು ಕಾಯುವುದೇ ತಡವಾಗುತ್ತದೆ. ಅಲ್ಲಿಂದ ತಂದ 120 ವೋಲ್ಟಿನ ಹೇರ್ ಡ್ರೈಯರನ್ನು ಇಲ್ಲಿ ಹಾಕಿದರೆ ಮೂರೂವರೆ ಪಟ್ಟಿಗೂ ಹೆಚ್ಚು ಶಕ್ತಿ ಹರಿದು ಸುಟ್ಟುಹೋಗಬಹುದು. ಮಿಕ್ಸಿ, ಗ್ರೈಂಡರುಗಳ ಮೋಟಾರಿಗೂ ಸರಿಯಾದ ವೋಲ್ಟೇಜ್ ಬೇಕೇ ಬೇಕು. ಟ್ರಾವೆಲ್ ಅಡಾಪ್ಟರ್ ಪಿನ್ನಿನ ಆಕಾರವನ್ನಷ್ಟೇ ಬದಲಿಸುತ್ತದೆ; ವೋಲ್ಟೇಜನ್ನು ಬದಲಿಸುವುದು ಟ್ರಾನ್ಸ್‌ಫಾರ್ಮರ್ ಅಥವಾ ಕನ್ವರ್ಟರ್.

ಬ್ರಿಟಿಷ್ ಮಾದರಿಯ ಸಾಕೆಟ್ಟಿನಲ್ಲಿ ಕೆಳಗಿನ ಎರಡು ರಂಧ್ರಗಳಿಗೆ ಮುಚ್ಚಳವಿರುತ್ತದೆ. ಉದ್ದವಾದ ಅರ್ಥ್ ಪಿನ್ ಮೇಲಿನ ರಂಧ್ರದೊಳಗೆ ಹೋದಾಗ ಅದು ತೆರೆಯುತ್ತದೆ. ಪೆನ್ನನ್ನೋ ಸ್ಕ್ರೂಡ್ರೈವರನ್ನೋ ಅಲ್ಲಿ ಚುಚ್ಚಿ, ನಮ್ಮ ದುಂಡು ಪಿನ್ನಿನ ಪ್ಲಗ್ಗನ್ನು ತುರುಕುವವರಿದ್ದಾರೆ. ಇದು ಅಪಾಯಕಾರಿ. ಹಿಡಿತ ಸಡಿಲವಾಗಿ ಕಿಡಿ ಹಾರುತ್ತದೆ, ಬಿಸಿಯೇರುತ್ತದೆ. ಬ್ರಿಟಿಷ್ ಪ್ಲಗ್ಗಿನೊಳಗೆ ಇರುವ ಫ್ಯೂಸಿನ ರಕ್ಷಣೆಯೂ ತಪ್ಪುತ್ತದೆ. ಮೂರು ಪಿನ್ನಿನ ಲ್ಯಾಪ್‌ಟಾಪ್ ಚಾರ್ಜರಿಗೆ ಅರ್ಥ್ ಸಂಪರ್ಕವಿರುವ ಅಡಾಪ್ಟರನ್ನೇ ಬಳಸಬೇಕು.

ಬ್ಯಾಟರಿಗೂ ಎಚ್ಚರ ಬೇಕು. ಲಿಥಿಯಂ-ಅಯಾನ್ ಬ್ಯಾಟರಿ ಹೆಚ್ಚು ಬಿಸಿಯಾದರೆ ಬೇಗ ಸವೆಯುತ್ತದೆ. ಸೊನ್ನೆ ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಚಾರ್ಜ್ ಮಾಡಿದರೆ ಒಳಗೆ ಲಿಥಿಯಂ ಲೋಹ ಕಟ್ಟಿಕೊಂಡು ಹಾಳಾಗುತ್ತದೆ. ಫೋನನ್ನು ದಿಂಬಿನಡಿ ಇಟ್ಟು ಚಾರ್ಜ್ ಮಾಡಬಾರದು. ಪವರ್ ಬ್ಯಾಂಕನ್ನು ವಿಮಾನದಲ್ಲಿ ಕೈಚೀಲದಲ್ಲೇ ಒಯ್ಯಬೇಕು; 100 ವಾಟ್-ಅವರ್ ದಾಟಿದರೆ ವಿಮಾನ ಸಂಸ್ಥೆಯ ಅನುಮತಿ ಬೇಕು. 20,000 ಮಿಲಿ ಆಂಪಿಯರ್-ಅವರ್‌ನ ಪವರ್ ಬ್ಯಾಂಕ್ ಸುಮಾರು 74 ವಾಟ್-ಅವರ್‌ನದು.

ಪೆಟ್ಟಿಗೆ ಕಟ್ಟುವ ಮುನ್ನ ಪ್ರತಿ ಚಾರ್ಜರಿನ ಇನ್‌ಪುಟ್ ಸಾಲನ್ನು ಓದಿ, ಹೋಗುವ ದೇಶದ ವೋಲ್ಟೇಜಿನೊಂದಿಗೆ ತಾಳೆ ನೋಡಬೇಕು. ಆ ಸಾಲು 100ರಿಂದ 240 ಎನ್ನದಿದ್ದರೆ, ಅಲ್ಲಿನ ವೋಲ್ಟೇಜಿಗೆ ತಕ್ಕ ಚಾರ್ಜರನ್ನು ಕೊಳ್ಳುವುದೇ ಸುರಕ್ಷಿತ.