ಕಾಲು ಮೈಲಿಯ ಓಟಕ್ಕೆ ಹಿಂಚಕ್ರದ ಹದ

ಅಮೆರಿಕದಲ್ಲಿ ಡ್ರ್ಯಾಗ್ ರೇಸಿಂಗ್ ಎಂಬ ಮೋಟಾರು ಕ್ರೀಡೆಯೊಂದಿದೆ. ಇದರಲ್ಲಿ ತಿರುವುಗಳಿಲ್ಲ, ಸುತ್ತುಗಳಿಲ್ಲ. ನೆಟ್ಟಗಿನ ಪಟ್ಟೆಯಲ್ಲಿ ಎರಡು ಕಾರುಗಳು ಅಕ್ಕಪಕ್ಕ ನಿಲ್ಲುತ್ತವೆ. ದೀಪ ಹಸಿರಾದೊಡನೆ ಚಿಮ್ಮಿ, ಕಾಲು ಮೈಲಿ ಎಂದರೆ 402 ಮೀಟರ್ ದೂರವನ್ನು ಯಾವುದು ಮೊದಲು ದಾಟುತ್ತದೆ ಎಂಬುದಷ್ಟೇ ಪಂದ್ಯ. ವಾಲಿ ಪಾರ್ಕ್ಸ್ 1951ರಲ್ಲಿ ನ್ಯಾಷನಲ್ ಹಾಟ್ ರಾಡ್ ಅಸೋಸಿಯೇಷನ್ ಸ್ಥಾಪಿಸಿದ್ದರ ಹಿಂದೆ ಒಂದು ಸದುದ್ದೇಶವಿತ್ತು: ಜಿದ್ದಿಗೆ ಬಿದ್ದು ಬೀದಿಯಲ್ಲಿ ಕಾರು ಓಡಿಸುತ್ತಿದ್ದ ಹುಡುಗರನ್ನು ಸುರಕ್ಷಿತ ಪಟ್ಟೆಗೆ ಕರೆತರುವುದು. ಸಂಸ್ಥೆಯ ಮೊದಲ ಅಧಿಕೃತ ಪಂದ್ಯ 1953ರಲ್ಲಿ ಕ್ಯಾಲಿಫೋರ್ನಿಯಾದ ಪೊಮೊನಾದಲ್ಲಿ, ಜಾತ್ರೆ ಮೈದಾನದ ವಾಹನ ನಿಲುಗಡೆ ಜಾಗದಲ್ಲಿ ನಡೆಯಿತು.

ಇಂದಿಗೂ ಅಲ್ಲಿ ಅನೇಕರು ವಾರವಿಡೀ ಓಡಿಸುವ ಕಾರನ್ನೇ ಭಾನುವಾರ ಪಟ್ಟೆಗೆ ಒಯ್ಯುತ್ತಾರೆ. ಅವರನ್ನು ಕಾಡುವ ಪ್ರಶ್ನೆ, ಹಿಂದಿನ ಸಸ್ಪೆನ್ಷನ್ನಿಗೆ ಏನು ಹಾಕಿಸಬೇಕು ಎಂಬುದು. ಅಂಗಡಿಯವನನ್ನು ಕೇಳಿದರೆ ಅತ್ಯಂತ ದುಬಾರಿಯದನ್ನೇ ತೋರಿಸುತ್ತಾನೆ. ಹೈಸ್ಕೂಲಿನ ಭೌತವಿಜ್ಞಾನವನ್ನು ಕೇಳಿದರೆ ಉತ್ತರ ಬೇರೆಯೇ ಬರುತ್ತದೆ.

1,500 ಕಿಲೋಗ್ರಾಂ ತೂಗುವ, ಹಿಂದಿನ ಚಕ್ರಗಳಿಂದ ಓಡುವ ಕಾರೊಂದನ್ನು ತೆಗೆದುಕೊಳ್ಳಿ. ಎಂಜಿನ್ ಮುಂದಿರುವುದರಿಂದ ಹಿಂದಿನ ಚಕ್ರಗಳ ಮೇಲೆ ಶೇಕಡಾ 45 ಭಾಗ, ಅಂದರೆ 675 ಕಿಲೋ ಭಾರವಿದೆ ಎನ್ನೋಣ. ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವೆ 2.7 ಮೀಟರ್ ಅಂತರ, ಗುರುತ್ವಕೇಂದ್ರ ನೆಲದಿಂದ 54 ಸೆಂಟಿಮೀಟರ್ ಎತ್ತರ. ಕಾರು ಗುರುತ್ವ ವೇಗೋತ್ಕರ್ಷದ ಅರ್ಧದಷ್ಟು ವೇಗೋತ್ಕರ್ಷದಿಂದ ಚಿಮ್ಮಿದರೆ ಹಿಂದಕ್ಕೆ ವರ್ಗವಾಗುವ ಭಾರ ಎಷ್ಟು? ತೂಕದ ಅರ್ಧ 750. ಅದನ್ನು ಎತ್ತರದಿಂದ ಗುಣಿಸಿ ಅಂತರದಿಂದ ಭಾಗಿಸಿದರೆ 150 ಕಿಲೋ. ಹಿಂಚಕ್ರಗಳ ಮೇಲೆ ಈಗ 825 ಕಿಲೋ ಕೂತಿದೆ, ನೆಲವನ್ನು ಹಿಂದಕ್ಕೆ ತಳ್ಳಬೇಕಾದ ಬಲ 750 ಕಿಲೋ ತೂಕದಷ್ಟು. ಎಂದರೆ ಘರ್ಷಣಾಂಕ 0.91 ಬೇಕು. ಒಣ ಟಾರು ರಸ್ತೆಯಲ್ಲಿ ಸಾಮಾನ್ಯ ಟೈರಿಗೆ ಇದು ಹೆಚ್ಚುಕಡಿಮೆ ಕೊನೆಯ ಮಿತಿ.

ಈ ಲೆಕ್ಕದಲ್ಲಿ ಒಂದು ವಿಶೇಷ ಗಮನಿಸಿದಿರಾ? ಸ್ಪ್ರಿಂಗಿನ ಮೆದುತನ ಎಲ್ಲೂ ಬರಲೇ ಇಲ್ಲ. ಹಿಂಭಾಗ ನೆಲಕ್ಕೆ ಕುಕ್ಕರಿಸಿದಷ್ಟೂ ಹಿಡಿತ ಹೆಚ್ಚು ಎಂಬ ನಂಬಿಕೆ ಪಂದ್ಯದ ಪಟ್ಟೆಯಲ್ಲಿ ಬಹಳ ಹಳೆಯದು, ಮತ್ತು ತಪ್ಪು. ಎಷ್ಟು ಭಾರ ಹಿಂದಕ್ಕೆ ಬರುತ್ತದೆ ಎಂಬುದನ್ನು ಗುರುತ್ವಕೇಂದ್ರದ ಎತ್ತರ, ಚಕ್ರಗಳ ಅಂತರ ಮತ್ತು ವೇಗೋತ್ಕರ್ಷಗಳೇ ನಿರ್ಧರಿಸುತ್ತವೆ. ಆ ಭಾರ ಎಷ್ಟು ಬೇಗ, ಎಷ್ಟು ಹದವಾಗಿ ಟೈರಿಗೆ ತಲಪುತ್ತದೆ, ಎರಡೂ ಟೈರುಗಳಿಗೆ ಸಮನಾಗಿ ಹಂಚಿಹೋಗುತ್ತದೆಯೇ ಎಂಬುದಷ್ಟೇ ಸಸ್ಪೆನ್ಷನ್ನಿನ ಕೆಲಸ. ಆದ್ದರಿಂದ ಮೊದಲ ಖರ್ಚು ಟೈರಿಗೇ ಇರಲಿ. ಮೃದು ರಬ್ಬರಿನ ಡ್ರ್ಯಾಗ್ ರೇಡಿಯಲ್ ಟೈರುಗಳು ಅಲ್ಲಿ ರಸ್ತೆಗೂ ಅನುಮತಿ ಪಡೆದಿವೆ. ಆದರೆ ಅವುಗಳ ಗೀರುಗಳು ಆಳವಿಲ್ಲದ್ದರಿಂದ ಮಳೆ ನೀರಿನಲ್ಲಿ ಹಿಡಿತ ತಪ್ಪುವ ಅಪಾಯ ಹೆಚ್ಚು. ಮಕ್ಕಳನ್ನು ಶಾಲೆಗೆ ಬಿಡುವ ಕಾರಿಗೆ ಬೇರೆ ಜೊತೆ ಟೈರು ಇಟ್ಟುಕೊಂಡು ಪಟ್ಟೆಯ ಬಳಿ ಬದಲಿಸುವುದೇ ಮೇಲು.

ಇನ್ನು ನ್ಯೂಟನ್ನನ ಮೂರನೆಯ ನಿಯಮ. ಚಕ್ರ ಮುಂದಕ್ಕೆ ಉರುಳುವಾಗ ಅಚ್ಚಿನ ಕವಚ ಹಿಂದಕ್ಕೆ ತಿರುಗಲು ಹವಣಿಸುತ್ತದೆ, ಅದರ ಮೂತಿ ಮೇಲೇಳುತ್ತದೆ. ನಮ್ಮ ಲಾರಿಗಳ ಹಿಂದೆ ಕಾಣುವಂಥ ಉಕ್ಕಿನ ಪಟ್ಟಿಗಳ ಲೀಫ್ ಸ್ಪ್ರಿಂಗ್ ಇದ್ದರೆ ಆ ಪಟ್ಟಿ ಹಾವಿನಂತೆ ಡೊಂಕಾಗುತ್ತದೆ. ಟೈರು ಜಾರಿದ ಕ್ಷಣ ಪಟ್ಟಿ ಮರಳಿ ನೆಟ್ಟಗಾಗುತ್ತದೆ, ಟೈರು ಕಚ್ಚಿಕೊಂಡರೆ ಮತ್ತೆ ಡೊಂಕು. ಹೀಗೆ ಹಿಂಭಾಗ ಕಪ್ಪೆಯಂತೆ ಕುಪ್ಪಳಿಸುವುದನ್ನು ವೀಲ್ ಹಾಪ್ ಎನ್ನುತ್ತಾರೆ. ಅಚ್ಚನ್ನೇ ಮುರಿಯಬಲ್ಲ ರೋಗ ಇದು. 1967ರ ಷೆವರ್ಲೆ ಕಮಾರೊ ಕಾರಿಗೆ ಒಂದೇ ಪಟ್ಟಿಯ ಸ್ಪ್ರಿಂಗ್ ಇತ್ತು. ದೊಡ್ಡ ಎಂಜಿನಿನ ಮಾದರಿಗಳಲ್ಲಿ ಈ ಕುಪ್ಪಳಿಕೆ ಎಷ್ಟು ಕಾಡಿತೆಂದರೆ 1968ರಲ್ಲಿ ಕಂಪನಿ ಶಾಕ್ ಅಬ್ಸಾರ್ಬರುಗಳಲ್ಲಿ ಒಂದನ್ನು ಅಚ್ಚಿನ ಮುಂದೆ, ಇನ್ನೊಂದನ್ನು ಹಿಂದೆ ಇಟ್ಟಿತು. ಬಲಿಷ್ಠ ಮಾದರಿಗಳಿಗೆ ಹಲವು ಪಟ್ಟಿಗಳ ಸ್ಪ್ರಿಂಗನ್ನೂ ಕೊಟ್ಟಿತು.

ಅಂಥ ಕಾರಿಗೆ ಅಗ್ಗದ ಔಷಧಿ ಟ್ರ್ಯಾಕ್ಷನ್ ಬಾರ್. ಅಚ್ಚಿನ ಕೆಳಗೆ ಬಿಗಿದ ಈ ಸರಳು ಮುಂದಕ್ಕೆ ಚಾಚಿಕೊಂಡಿರುತ್ತದೆ. ಅಚ್ಚು ತಿರುಗಲು ಹೊರಟಾಗ ಸರಳಿನ ತುದಿಯ ರಬ್ಬರು ಮೇಲೆದ್ದು ಸ್ಪ್ರಿಂಗಿಗೆ ತಾಗಿ ನಿಲ್ಲಿಸುತ್ತದೆ. ರಬ್ಬರು ಸ್ಪ್ರಿಂಗಿನ ಮುಂದಿನ ಕಣ್ಣಿನ ಕೆಳಗೇ ತಾಗಬೇಕು. ಪಟ್ಟಿಯ ನಡುವಿಗೆ ತಾಗಿದರೆ ಪಟ್ಟಿಯೇ ಬಾಗುತ್ತದೆ. ಕ್ಯಾಲ್‌ಟ್ರ್ಯಾಕ್ಸ್ ಎಂಬುದು ಇದರ ಜಾಣ ತಮ್ಮ. ಅದರ ಸರಳು ಮುಂದಿನ ಕಣ್ಣಿನ ಬಳಿ ತಿರುಗುವ ತಟ್ಟೆಯೊಂದನ್ನು ನೂಕಿ, ಆ ತಟ್ಟೆ ಪಟ್ಟಿಯನ್ನು ಮೇಲಿನಿಂದ ಅದುಮುವಂತೆ ಮಾಡುತ್ತದೆ. ಬೀದಿ, ಪಟ್ಟೆ ಎರಡಕ್ಕೂ ಓಡುವ ಲೀಫ್ ಸ್ಪ್ರಿಂಗ್ ಕಾರಿಗೆ ನನ್ನ ಮತ ಇದಕ್ಕೇ. ವೆಲ್ಡಿಂಗ್ ಬೇಡ, ಸವಾರಿಯ ಸುಖವೂ ಕೆಡದು.

ಲ್ಯಾಡರ್ ಬಾರ್ ಮಾತ್ರ ಪಟ್ಟೆಯ ವಸ್ತು. ಏಣಿಯಂಥ ಈ ಚೌಕಟ್ಟುಗಳನ್ನು ಅಚ್ಚಿಗೆ ಅಲುಗಾಡದಂತೆ ಜೋಡಿಸಿರುತ್ತಾರೆ. ನೆಟ್ಟಗೆ ಹೋಗುವಾಗ ಸೊಗಸು. ಆದರೆ ತಿರುವಿನಲ್ಲಿ ಒಂದು ಚಕ್ರ ಮೇಲೆ, ಇನ್ನೊಂದು ಕೆಳಗೆ ಹೋಗಬೇಕಾದಾಗ ಎಲ್ಲವೂ ಬಿಗಿದುಕೊಂಡು ಕಾರಿನ ಬಾಲ ಥಟ್ಟನೆ ಹೊರಕ್ಕೆ ಜಾರಬಹುದು. ನಾಲ್ಕು ಕೊಂಡಿಗಳ ರೇಸಿಂಗ್ ಜೋಡಣೆಯನ್ನು ಬೇಕಾದಂತೆ ಹೊಂದಿಸಬಹುದಾದರೂ ಅದಕ್ಕೆ ಕಾರಿನ ತಳ ಕತ್ತರಿಸಬೇಕು. ಅದರ ಲೋಹದ ಕೀಲುಗಳ ಸದ್ದಿಗೆ ಹಿಂದಿನ ಸೀಟಿನಲ್ಲಿ ಯಾರೂ ನಿದ್ದೆ ಮಾಡಲಾರರು.

ಕೊಳ್ಳುವ ಮುನ್ನ ನೆಲ ನೋಡಬೇಕು. ಚಿಮ್ಮಿದ ಜಾಗದಲ್ಲಿ ಟೈರಿನ ಕಪ್ಪು ಗೆರೆ ಒಂದೇ ಇದ್ದರೆ ರೋಗ ಡಿಫರೆನ್ಷಿಯಲ್ಲಿನದು, ಯಾವ ಸರಳೂ ಅದನ್ನು ಪೂರ್ತಿ ವಾಸಿಮಾಡದು. ಗೆರೆ ತುಂಡುತುಂಡಾಗಿದ್ದರೆ ಕುಪ್ಪಳಿಕೆ. ಸಾಮಾನ್ಯವಾಗಿ ಹಗುರಾಗುವುದು ಬಲ ಹಿಂಚಕ್ರ. ಎಂಜಿನಿನಿಂದ ಬರುವ ಉದ್ದನೆಯ ದಂಡ ಅಚ್ಚನ್ನು ಎಡಕ್ಕೆ ಹೊರಳಿಸಿ ಬಲಗಡೆಯನ್ನು ಎತ್ತುತ್ತದೆ. ಕ್ರೈಸ್ಲರ್ ಕಂಪನಿಯ ಸೂಪರ್ ಸ್ಟಾಕ್ ಸ್ಪ್ರಿಂಗುಗಳಲ್ಲಿ ಎಡಬಲ ಬೇರೆಬೇರೆಯಾಗಿರುವುದು ಇದೇ ಕಾರಣಕ್ಕೆ.

ಇದನ್ನೆಲ್ಲ ಓದಿ ಮಗರಾಯ ಬೈಕಿನ ಶಾಕ್ ಅಬ್ಸಾರ್ಬರ್ ಬಿಚ್ಚಲು ಹೊರಟರೆ ತಂದೆತಾಯಿ ತಡೆಯಬೇಕು. ಸಾರ್ವಜನಿಕ ರಸ್ತೆಯಲ್ಲಿ ವೇಗದ ಪಂದ್ಯ ನಮ್ಮ 1988ರ ಮೋಟಾರು ವಾಹನ ಕಾಯ್ದೆಯ 189ನೇ ಕಲಮಿನಂತೆ ಅಪರಾಧ. ವಾಹನದ ಮಾರ್ಪಾಡಿಗೆ 52ನೇ ಕಲಮಿನ ಕಡಿವಾಣವೂ ಇದೆ. ಆದರೆ ಮೇಲಿನ ಲೆಕ್ಕವನ್ನು ಬೈಕಿಗೆ ಅನ್ವಯಿಸಿ ನೋಡಲು ಅವನಿಗೆ ಹೇಳಿ. ಚಕ್ರಗಳ ಅಂತರ 1.3 ಮೀಟರ್, ಸವಾರನೂ ಸೇರಿ ಗುರುತ್ವಕೇಂದ್ರ 65 ಸೆಂಟಿಮೀಟರ್ ಎತ್ತರ ಎಂದಿಟ್ಟುಕೊಂಡರೆ, ಅದೇ ಅರ್ಧ ವೇಗೋತ್ಕರ್ಷಕ್ಕೆ ಒಟ್ಟು ತೂಕದ ಕಾಲುಭಾಗ ಹಿಂದಕ್ಕೆ ಹೋಗುತ್ತದೆ. ಮುಂಚಕ್ರ ಯಾವಾಗ ನೆಲ ಬಿಡುತ್ತದೆ ಎಂಬುದನ್ನು ಅವನೇ ಕಾಗದದ ಮೇಲೆ ಕಂಡುಹಿಡಿಯಲಿ.

ಪಟ್ಟೆಯವರು ಪ್ರತಿ ಓಟಕ್ಕೂ ಒಂದು ಚೀಟಿ ಕೊಡುತ್ತಾರೆ. ಅದರಲ್ಲಿ ಮೊದಲ 60 ಅಡಿಗೆ, ಅಂದರೆ ಸುಮಾರು 18.3 ಮೀಟರಿಗೆ ಹಿಡಿದ ಸಮಯವನ್ನು ಬೇರೆಯಾಗಿ ಮುದ್ರಿಸಿರುತ್ತಾರೆ. ಸಸ್ಪೆನ್ಷನ್ನಿನ ಪರೀಕ್ಷೆಯ ಅಂಕ ಅದೇ. ಒಂದು ಸಲಕ್ಕೆ ಒಂದೇ ಭಾಗ ಬದಲಿಸಿ, ಟೈರಿನ ಗಾಳಿ ಮೊದಲಿನಷ್ಟೇ ಇಟ್ಟು, ಮೂರುನಾಲ್ಕು ಓಟಗಳ ಚೀಟಿಗಳನ್ನು ಹೋಲಿಸಬೇಕು. ಮನೆಗೆ ಹೊರಡುವ ಮುನ್ನ ಹೊಸದಾಗಿ ಹಾಕಿಸಿದ ಬೋಲ್ಟುಗಳನ್ನೆಲ್ಲ ಸ್ಪ್ಯಾನರ್ ಹಿಡಿದು ಮತ್ತೊಮ್ಮೆ ಬಿಗಿಮಾಡಿಕೊಳ್ಳಬೇಕು.